ಹಳೆಯ ನೀರಿನ ಗಡಿಗೆ

|| ಶ್ರೀ ಗುರುಬಸವಲಿಂಗಾಯ ನಮಃ ||

ದುರ್ಗಿಗುಡಿ, ಶಿವಮೊಗ್ಗ
೧೧-೬-೧೯೬೧, ಭಾನುವಾರ

ಚಿ. ಬಸವರಾಜೇಶ್ವರಿಗೆ ಆಶೀರ್ವಾದಗಳು.

ಈ ಕಾಗದ ಬರೆಯುತ್ತಿರುವವಳು ಪಟೇಲ್ ವೀರಪ್ಪನವರ ಹಿರಿಯ ಮಗಳು, ನಮ್ಮೂರಿನಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು, ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸ್ಟೋರ್ಸ್ ನೋಡಿಕೊಂಡ ಪರಮೇಶ್ವರಪ್ಪನವರ ಹೆಂಡತಿ, ನಿನ್ನ ಅತ್ತೆ ದಾಕ್ಷಾಯಣಮ್ಮ. ಗೊತ್ತಿರುವುದನ್ನೇ ಯಾಕೆ ಬರೆದಿದ್ದಾರೆ ಎಂದು ನಿನಗೆ ನಗು ಬರಬಹುದು. ನಿನ್ನನ್ನು ನಾನು ಶಂಕರಘಟ್ಟಕ್ಕೆ, ನಿನ್ನ ತವರಿಗೆ, ಕಳಿಸಿ ಎರಡು ವರ್ಷವಾಗುತ್ತ ಬಂತು. ಅಷ್ಟು ದಿನದಲ್ಲಿ ನನ್ನ ಕೈಬರಹದ ಒಂದು ಸಾಲೂ ನಿನಗೆ ಬಂದಿಲ್ಲ. ಇದು ಯಾರ ಅಕ್ಷರ ಎಂದು ನೀನು ಲಕೋಟೆ ತಿರುಗಿಸಿ ನೋಡುವ ಮೊದಲೇ ಹೇಳಿಬಿಡುವುದು ಮೇಲು ಎನ್ನಿಸಿತು.

ಮೇಲೆ 'ಚಿ.' ಎಂದು ಬರೆದ ಮೇಲೆ ಕೈ ತಾನಾಗಿಯೇ 'ಸೌ.' ಬರೆಯಲು ಹೋಯಿತು. ನಿನ್ನ ಮದುವೆಯಾದ ವರ್ಷ ಬರೆದ ಅಭ್ಯಾಸ. ನಿಲ್ಲಿಸಿದೆ. ಆ ಜಾಗದಲ್ಲಿ ಒಂದು ಮಸಿಯ ಚುಕ್ಕೆ ಉಳಿದಿದೆ, ಅದಕ್ಕೆ ಬೇರೆ ಅರ್ಥ ಹುಡುಕಬೇಡ.

ನಿನ್ನ ತಂದೆ ಷಡಕ್ಷರಪ್ಪನವರ ಕಾಗದ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮನೆ ಬದಲಾಯಿಸುವ ಗಡಿಬಿಡಿ ಕಾರಣ ಎಂದು ಅವರಿಗೆ ಹೇಳು. ನಿನಗೆ ಮಾತ್ರ ನಿಜ ಹೇಳುತ್ತೇನೆ: ಮೂರು ಸಲ ಬರೆದು ಮೂರು ಸಲ ಹರಿದೆ. ಜನ್ನಾಪುರದ ಉಜ್ಜನಪ್ಪ ಮೇಷ್ಟರಿಗೆ ನಿನ್ನನ್ನು ಕೊಡುವ ಮಾತು ನಡೆದಿತ್ತು, ಹುಡುಗ ಒಪ್ಪಿದ್ದ, ಇನ್ನೇನು ದಿನ ನೋಡಬೇಕು ಎನ್ನುವಾಗ ಅವನ ತಾಯಿ ಸುಭದ್ರಮ್ಮ ಬೇಡವೆಂದರು, ಕಾರಣ ಹೇಳಲಿಲ್ಲ, 'ನಿಮಗೇನಾದರೂ ತಿಳಿದಿದೆಯೇ ಬೀಗಿತಿಯವರೇ' ಎಂದು ನಿನ್ನ ತಂದೆ ಕೇಳಿದ್ದರು. ಮಗಳ ಎರಡನೆಯ ಮದುವೆಗೆ ಮೊದಲನೆಯ ಅತ್ತೆಯ ಅಭಿಪ್ರಾಯ ಕೇಳುವಷ್ಟು ದೊಡ್ಡ ಮನಸ್ಸಿನವರು ಅವರು. ಕಾರಣ ನನಗೆ ತಿಳಿದಿದೆ. ಈ ಕಾಗದ ಮುಗಿಯುವುದರೊಳಗೆ ನಿನಗೂ ತಿಳಿಯುತ್ತದೆ. ಆದರೆ ಮೊದಲು ಮೀನಿನ ಸುದ್ದಿ. ಅದನ್ನು ಬಿಟ್ಟು ಇದನ್ನು ಹೇಳಲು ಬರುವುದಿಲ್ಲ.

ನಿನ್ನ ಮಾವನವರು ಮೇ ಮೂವತ್ತೊಂದಕ್ಕೆ ರಿಟೈರ್ ಆದರು. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು, ಫೋಟೋ ತೆಗೆದರು. ಇವರು ಫೋಟೋದಲ್ಲಿ ಹಾರದ ಹಿಂದೆ ಕಾಣಿಸುವುದೇ ಇಲ್ಲ. ಈಗಲೂ ಬೆಳಗಿನ ಸೈರನ್ ಹೊತ್ತಿಗೆ ಎದ್ದು ಕೂರುತ್ತಾರೆ, ಶಿವಮೊಗ್ಗದಲ್ಲಿ ಸೈರನ್ ಇಲ್ಲದಿದ್ದರೂ. ಕ್ವಾರ್ಟರ್ಸ್ ಬಿಡಬೇಕಾಗಿ ಬಂದದ್ದರಿಂದ ಇಲ್ಲಿ ದುರ್ಗಿಗುಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ನಾಲ್ಕು ಕೋಣೆ, ಹಿತ್ತಲಲ್ಲಿ ಬಾವಿ. ಮನೆಯ ಯಜಮಾನರು ಈಶ್ವರಪ್ಪನವರು, ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದವರು. ಎಲ್ಲ ಮಾತಾದ ಮೇಲೆ ಇವರು ನಮ್ಮ ಮಗ ಚಂದ್ರಶೇಖರ ಬಿಟ್ಟುಹೋದ ಗಾಜಿನ ಮೀನಿನ ತೊಟ್ಟಿಯ ವಿಷಯ ತೆಗೆದರು.

"ಅಮ್ಮಾ, ನಾನು ಮನೆ ಕೊಟ್ಟಿರೋದು ನಿಮಗೆ, ಮೀನಿಗಲ್ಲ," ಎಂದರು ಈಶ್ವರಪ್ಪನವರು, ಇವರನ್ನು ಬಿಟ್ಟು ನನ್ನ ಮುಖ ನೋಡಿ. "ಸ್ವಾಮಿಗಳು ಪಾದ ಇಡೋ ಮನೆ ಇದು. ಮೀನು ಹೊಸ್ತಿಲು ದಾಟಂಗಿಲ್ಲ."

"ಅಡಿಗೆಗೆ ಸಾಕಿದ್ದಲ್ಲ ಸ್ವಾಮೀ, ನೋಡೋಕೆ," ಎಂದರು ಇವರು.

"ಈಗ ನೋಡ್ತೀರಿ. ಆಮೇಲೆ?"

ಬೇಡಿಕೊಳ್ಳುವುದು ನನ್ನಿಂದ ಆಗದ ಕೆಲಸ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನೀನು ಬಿಟ್ಟು ಹೋದ ನಾಲ್ಕು ಮೀನೂ ಬದುಕಿವೆ, ರಾಜೇಶ್ವರಿ. ಇದನ್ನು ಮೊದಲೇ ಬರೆಯಬೇಕಿತ್ತು. ಎಲ್ಲರನ್ನೂ ತಳ್ಳಿಕೊಂಡು ಮೇವಿಗೆ ಮುಂದೆ ಬರುತ್ತಿದ್ದ, ಬೆನ್ನಿನ ಮೇಲೆ ಕಪ್ಪು ಮಚ್ಚೆಯ ದೊಡ್ಡದಕ್ಕೆ ಚಂದ್ರು 'ಫೋರ್‌ಮನ್' ಎಂದು ಹೆಸರಿಟ್ಟಿದ್ದನಲ್ಲ, ಅದು ಈಗ ನನ್ನ ಅಂಗೈಯಷ್ಟು ಉದ್ದವಾಗಿದೆ. ನೀನು ಹೋದ ಮೇಲೆ ಅವುಗಳ ಕೆಲಸ ನಾನೇ ಮಾಡಿದೆ. ನೀನು ಮಾಡುವುದನ್ನು ಅಡಿಗೆಮನೆ ಬಾಗಿಲಿನಿಂದ ನೋಡಿದ್ದೆ. ಹೇಗೆಂದು ನಿನ್ನನ್ನು ಕೇಳಿರಲಿಲ್ಲ. ಕಬ್ಬಿಣದ ಪಟ್ಟಿ ತಂದು, ಗಾಜು ಕೂರಿಸಿ, ಎರಡು ಭಾನುವಾರ ಊಟ ಮರೆತು ಅವನು ಮಾಡಿದ ತೊಟ್ಟಿ ಅದು. ಬೆಂಗಳೂರಿನಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ನೀರು ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ರೈಲಿನಲ್ಲಿ ನಿಂತುಕೊಂಡೇ ತಂದ ಮೀನು. ಅವನ್ನು ಎಲ್ಲಿಯಾದರೂ ಬಿಸಾಡಿ ಬರುವವಳಲ್ಲ ನಾನು.

ಮೀನಿಗೆ ಹೊಸ ಮನೆ ಹುಡುಕುವುದು ಸುಲಭವಾಗಲಿಲ್ಲ. ಪಕ್ಕದ ಕ್ವಾರ್ಟರ್ಸಿನ ನಾಗಯ್ಯನವರು, "ಬಾವಿಗೆ ಬಿಟ್ಬಿಡಿ ಅಕ್ಕಾ, ಹುಳ ಹುಪ್ಪಟೆ ತಿನ್ಕೊಂಡು ಇರ್ತಾವೆ," ಎಂದರು. ಅವರ ಮಕ್ಕಳನ್ನೂ ಹಾಗೆಯೇ ಬೆಳೆಸಿದ್ದಾರೆ ಎಂದು ನನಗೆ ಗೊತ್ತು. ಕ್ಲಬ್ಬಿನವರು ಇಸ್ಪೀಟು ಮೇಜಿನ ಪಕ್ಕ ಇಡುತ್ತೇವೆ ಎಂದರು. ಬೀಡಿ ಹೊಗೆಯಲ್ಲಿ ಮನುಷ್ಯರೇ ಕೆಮ್ಮುವಾಗ ಮೀನಿನ ಪಾಡೇನು? ಬೇಡ ಎಂದೆ.

ಹೀಗಿರುವಾಗ ಸಾಮಾನು ಸಾಗಿಸುವ ಲಾರಿಯ ಅಬ್ಬಾಸ್ ಅಲಿ ಮನೆಯಲ್ಲಿ ಏನೇನಿದೆ ಎಂದು ನೋಡಲು ಬಂದ. ಮಂಚ, ಬೀರು, ಒರಳು ಎಲ್ಲ ನೋಡಿದವನು ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ಅಮ್ಮಾವ್ರೇ, ಇದನ್ನೂ ಹೇರ್ಬೇಕಾ?"

"ಹೇರೋ ಹಂಗಿಲ್ಲ. ಯಾರಾದ್ರೂ ಒಳ್ಳೆಯವರು ಇದ್ರೆ ಕೊಡ್ಬೇಕು."

"ನಮ್ಮಮ್ಮನ್ನ ಕೇಳ್ತೀನಿ. ರಾಗಿಗುಡ್ಡದ ಹತ್ರ ನಮ್ಮನೆ. ಅಂಗಳದಲ್ಲಿ ಕಲ್ಲಿನ ತೊಟ್ಟಿ ಇದೆ, ಅದ್ರಲ್ಲಿ ಮೀನಿವೆ. ಆದ್ರೆ ಒಂದ್ಮಾತು, ನಮ್ಮಮ್ಮ ಕೊಟ್ಟೋರನ್ನೆಲ್ಲ ತಗೊಳಲ್ಲ. ಮೀನು ಕೊಡೋರನ್ನೂ ನೋಡ್ತಾರೆ."

ಇಲ್ಲಿ ಪರೀಕ್ಷೆ ಮಾಡುವವಳು ನಾನು ಎಂದುಕೊಂಡಿದ್ದೆ. ಆ ಮಾತು ಕೇಳಿ ನನಗೆ ಸ್ವಲ್ಪ ಸಿಟ್ಟು ಬಂತು, ಸ್ವಲ್ಪ ಕುತೂಹಲವೂ ಬಂತು. ಮುಂದಿನ ವಾರ ಬಾಡಿಗೆ ಮನೆಯ ಬೀಗದ ಕೈ ತರಲು ಶಿವಮೊಗ್ಗಕ್ಕೆ ಬಂದಾಗ, ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುವ ಹಾಗೆ ಒಳ್ಳೆಯ ಸೀರೆಯುಟ್ಟು ಹೋದೆ.

ಅವನ ತಾಯಿ ಖಾಜಾಬೀ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಗೇಣು ಕುಳ್ಳು. ಓದು ಬರಹ ಬರುವುದಿಲ್ಲ. ಹೊಗಳಿಕೆ ನನ್ನ ಬಾಯಿಂದ ಸುಲಭವಾಗಿ ಬೀಳುವುದಿಲ್ಲ, ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಇಂಥ ಹೆಂಗಸನ್ನು ನಾನು ಈ ಐವತ್ತನಾಲ್ಕು ವರ್ಷದಲ್ಲಿ ಹೆಚ್ಚು ಕಂಡಿಲ್ಲ. ನಾನು ಹೊಸ್ತಿಲಲ್ಲಿ ನಿಂತಿರುವಾಗಲೇ, "ಬನ್ನಿ ಅಮ್ಮಾ. ನಮ್ಮನೆ ನೀರು ನೀವು ಕುಡಿಯಲ್ಲ ಅಂತ ಗೊತ್ತು, ಕೇಳಿ ಮುಜುಗರ ಮಾಡಲ್ಲ. ಎಳನೀರು ತರ್ಸಿಟ್ಟಿದೀನಿ," ಎಂದರು. ನನ್ನ ಮರ್ಯಾದೆಯನ್ನೂ ಉಳಿಸಿ ತಮ್ಮ ಮರ್ಯಾದೆಯನ್ನೂ ಉಳಿಸಿಕೊಂಡ ರೀತಿ ನೋಡು.

ಅಂಗಳದ ಕಲ್ಲುತೊಟ್ಟಿಯ ಮೇಲೆ ಹಂದರ, ಹಂದರಕ್ಕೆ ಹೀರೆ ಬಳ್ಳಿ. ನೀರು ಹಸಿರಾಗಿದೆ, ಆದರೆ ವಾಸನೆ ಎಂಬುದಿಲ್ಲ. ನಾನು ನನ್ನ ಪ್ರಶ್ನೆಗಳನ್ನು ಶುರು ಮಾಡಿದೆ.

"ಬೆಕ್ಕು ಇದೆಯಾ?"

"ಇದೆ. ಹುಟ್ಟಿದಾಗಿಂದ ಈ ಮೀನು ನೋಡ್ಕೊಂಡೇ ಬೆಳೆದಿದೆ. ಈಗ ಮುಖ ಆಕಡೆ ತಿರುಗಿಸ್ಕೊಂಡು ಹೋಗುತ್ತೆ, ಸಂಬಂಧ ಕೆಟ್ಟೋರ ಹಂಗೆ."

"ನೀವು ಮೀನು ತಿನ್ನೋ ಜನ," ಎಂದೆ. ನೇರವಾಗಿಯೇ ಕೇಳಿದೆ.

"ತಿಂತೀವಿ ಅಮ್ಮಾ, ಸುಳ್ಳು ಯಾಕೆ ಹೇಳ್ಲಿ? ಹೊಳೆ ಮೀನು ತಿಂತೀವಿ. ಸಾಕಿದ್ದು ತಿನ್ನಲ್ಲ. ನಮ್ಮೋರು ಇದ್ದಾಗ ಮಸೀದಿ ಹೌಜು ನೋಡ್ಕೊಳ್ತಿದ್ರು, ಕೈಕಾಲು ತೊಳ್ಕೊಳ್ಳೋ ಕೊಳ. ಇಪ್ಪತ್ತು ವರ್ಷ ಅದರ ಮೀನಿಗೆ ಮೇವು ಹಾಕಿದ್ರು. ಆ ಮೀನು ಹಿಡಿದು ತಿಂದೋನು ಒಬ್ಬನೂ ಇಲ್ಲ. ನಿಮ್ಮ ದೇವ್ರ ಹೊಂಡದ ಮೀನು ನೀವು ಮುಟ್ತೀರಾ? ಹಂಗೇ ಇದು."

ಪ್ರಶ್ನೆ ಕೇಳುವ ಸರದಿ ಈಗ ಆಕೆಯದಾಯಿತು.

"ನೀವು ಕೇಳಿದ್ದಾಯ್ತು, ಈಗ ನಾನು ಕೇಳ್ಲಾ? ಎಷ್ಟಿವೆ?"

"ನಾಲ್ಕು."

"ಮೊದ್ಲಿಂದ ನಾಲ್ಕೇನಾ?"

"ಹನ್ನೊಂದಿದ್ದವು. ಏಳು ಒಂದೇ ಬೆಳಗ್ಗೆ ಸತ್ತವು."

"ಒಂದೇ ಬೆಳಗ್ಗೆ?" ಖಾಜಾಬೀ ಎಳನೀರಿನ ಬುರುಡೆ ಕೆಳಗಿಟ್ಟರು. "ಅದರ ಹಿಂದಿನ ದಿನ ತೊಟ್ಟಿ ತೊಳೆದಿದ್ರಾ?"

ಹೈಸ್ಕೂಲು ಬಿಟ್ಟ ಮೇಲೆ ನಾನು ಯಾರ ಮುಂದೆಯೂ ಪಾಠ ಒಪ್ಪಿಸಿದವಳಲ್ಲ. ಆವತ್ತು ಒಪ್ಪಿಸಿದೆ. ಹೌದು, ತೊಳೆದೆ. ಮಗ ತೀರಿಕೊಂಡ ಹತ್ತನೆಯ ದಿನ ಅದು, ಮಾರನೆಯ ದಿನ ಶಿವಗಣಾರಾಧನೆ, ಜಂಗಮರು ಬರುತ್ತಾರೆ, ನೂರು ಜನ ಊಟಕ್ಕೆ ಕೂರುತ್ತಾರೆ, ಮನೆಯಲ್ಲಿ ಒಂದು ಪಾಚಿಯ ಗೆರೆ ಇರಕೂಡದು ಎಂದು ಗೋಡೆಗೆ ಸುಣ್ಣ ಬಳಿಸಿದೆ, ಪಾತ್ರೆಯೆಲ್ಲ ಬೆಳಗಿಸಿದೆ. ಹಾಗೆಯೇ ಮೀನನ್ನು ಬಕೀಟಿಗೆ ಹಾಕಿ, ಹಳೆಯ ನೀರನ್ನೆಲ್ಲ ಮೋರಿಗೆ ಚೆಲ್ಲಿ, ಒಲೆಯ ಬೂದಿ ಹುಣಸೆಹಣ್ಣು ಹಾಕಿ ಹಿತ್ತಾಳೆ ಕೊಡ ತಿಕ್ಕುವ ಹಾಗೆ ಆ ಗಾಜನ್ನು ಕೈಯಾರೆ ತಿಕ್ಕಿದೆ. ನಲ್ಲಿ ನೀರು ಹಿಡಿದು ತುಂಬಿ ಮೀನನ್ನು ಮತ್ತೆ ಬಿಟ್ಟೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಖಾಜಾಬೀ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಯಾ ಅಲ್ಲಾ. ಅಮ್ಮಾ, ಮೀನಿಗೆ ನೀರೇ ಮನೆ. ನೀವು ಮನೆ ತೊಳೀಲಿಲ್ಲ, ಮನೇನೇ ಕಿತ್ತು ಬಿಸಾಕಿದ್ರಿ. ನಲ್ಲಿ ನೀರಿಗೆ ಔಷಧಿ ಹಾಕಿರ್ತಾರೆ, ಎರಡು ದಿನ ಬಿಸಿಲಿಗೆ ಇಡ್ದೆ ಹಾಕಂಗಿಲ್ಲ. ಅದ್ರ ಮೇಲೆ ಬೂದಿ, ಹುಳಿ! ಹನ್ನೊಂದೂ ಹೋಗ್ಬೇಕಿತ್ತು." ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿದರು. "ಹಂಗಾದ್ರೆ ಈ ನಾಲ್ಕು ಹೆಂಗೆ ಉಳಿದ್ವು?"

ಆಗ ನನಗೆ ಬಚ್ಚಲಿನ ಮೂಲೆಯ ಮಣ್ಣಿನ ಗಡಿಗೆ ಕಣ್ಣಿಗೆ ಕಟ್ಟಿತು. ನಾನು ತೊಟ್ಟಿ ಖಾಲಿ ಮಾಡುವ ಮೊದಲೇ ನೀನು ಸದ್ದಿಲ್ಲದೆ ಒಂದು ಗಡಿಗೆ ಹಳೆಯ ನೀರು ತುಂಬಿಟ್ಟಿದ್ದೆ. "ಈ ಕೊಳಕು ನೀರು ಯಾಕಿಲ್ಲಿ?" ಎಂದು ನಾನು ಬೈದದ್ದೂ, ನೀನು "ಇರಲಿ ಅತ್ತೆ" ಎಂದು ಅದರ ಮೇಲೆ ಮರದ ತಟ್ಟೆ ಮುಚ್ಚಿದ್ದೂ ನೆನಪಾಯಿತು. ಬೆಳಗ್ಗೆ ಏಳು ಮೀನು ತೇಲುತ್ತಿದ್ದಾಗ, ಇನ್ನೂ ಬಾಯಿ ಬಿಡುತ್ತಿದ್ದ ನಾಲ್ಕನ್ನು ನೀನು ಆ ಗಡಿಗೆಗೆ ಹಾಕಿದೆ.

"ಯಾರೋ ತಿಳಿದೋರು ಹಳೇ ನೀರಿಗೆ ಬಿಟ್ಟಿದಾರೆ," ಎಂದರು ಖಾಜಾಬೀ. "ಯಾರಮ್ಮ ಅದು?"

"ನನ್ನ ಸೊಸೆ."

"ಎಲ್ಲಿ ಆಕೆ?"

"ತವರಿಗೆ ಕಳಿಸಿದೀನಿ."

ಆಕೆ ಎಳನೀರು ಕೈಗೆ ಕೊಟ್ಟು, "ಮೀನು ನಾನು ತಗೊಳ್ತೀನಿ. ತರೋವಾಗ ಹಿತ್ತಾಳೆ ತಾಮ್ರ ಬೇಡ, ಮಣ್ಣಿನದ್ರಲ್ಲಿ ತನ್ನಿ. ಹಳೇ ನೀರಲ್ಲೇ ತನ್ನಿ," ಎಂದರು. ಯಾಕೆ ಕಳಿಸಿದೆ ಎಂದು ಕೇಳದೆ ಬಿಟ್ಟದ್ದಕ್ಕೆ ನಾನು ಆಕೆಗೆ ಋಣಿ.

ಸಾಮಾನು ಸಾಗಿಸಿದ ದಿನ ಇದೇ ತಿಂಗಳು ನಾಲ್ಕು. ನಿನ್ನ ಮಾವನವರು ಬಸ್ಸಿಗೆ ಹೋದರು. ನಾನು ಲಾರಿಯ ಮುಂದಿನ ಸೀಟಿನಲ್ಲಿ, ಮಡಿಲಿನಲ್ಲಿ ನಿನ್ನ ಅದೇ ಗಡಿಗೆ, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಕೂತೆ. ಇಡೀ ಸಾಲಿನ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ. ಪಟೇಲರ ಮಗಳು ಲಾರಿ ಹತ್ತಿದ್ದು ಒಂದೇ ಸಲ, ಕಣ್ತುಂಬ ನೋಡಿಕೊಳ್ಳಲಿ. ದಾರಿಯುದ್ದಕ್ಕೂ ಗುಂಡಿ ಕಂಡಾಗಲೆಲ್ಲ ನಾನು "ನಿಧಾನ" ಎಂದೆ.

"ಅಮ್ಮಾವ್ರೇ, ಮದುವಣಗಿತ್ತಿ ಕೂರಿಸ್ಕೊಂಡಾಗ್ಲೂ ಇಷ್ಟು ನಿಧಾನ ಓಡ್ಸಿಲ್ಲ," ಎಂದ ಅಬ್ಬಾಸ್ ಅಲಿ. "ಹಿಂದೆ ಎತ್ತಿನ ಗಾಡಿ ಹಾರನ್ ಇಲ್ದೇ ಬೈತಾ ಇದೆ ನೋಡಿ."

"ಬೈಲಿ. ಅದರಲ್ಲಿ ಮೀನಿಲ್ಲ."

ಮನೆಗಿಂತ ಮೊದಲು ರಾಗಿಗುಡ್ಡಕ್ಕೇ ಹೋದೆವು. ಖಾಜಾಬೀ ಗಡಿಗೆಯನ್ನು ತೊಟ್ಟಿಯ ಪಕ್ಕದಲ್ಲಿ ನೆರಳಿಗಿಟ್ಟು, ಒಂದು ಸೌಟು ತೊಟ್ಟಿಯ ನೀರು ಅದಕ್ಕೆ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸೌಟು. ಲಾರಿಯಲ್ಲಿ ನನ್ನ ಮಂಚ ಬೀರುಗಳು ಬಿಸಿಲಲ್ಲಿ ಕಾಯುತ್ತಿದ್ದವು, ಆಕೆಗೆ ಅದರ ಪರಿವೆಯೇ ಇಲ್ಲ. "ಅವಸರ ಮಾಡಿದ್ರೆ ಹೆದರ್ತಾವೆ ಅಮ್ಮಾ. ತಮ್ಮ ನೀರಲ್ಲಿ ಇದೀವಿ ಅಂದ್ಕೊಂಡೇ ನಮ್ಮ ನೀರಿಗೆ ಬರ್ಬೇಕು." ಎರಡು ಗಂಟೆ ಹಿಡಿಯಿತು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ನೋಡಿದೆ. ನೀನು ಹತ್ತೊಂಬತ್ತು ವರ್ಷದವಳು ನಮ್ಮ ಮನೆಗೆ ಬಂದ ವಾರವೇ ನಿನ್ನ ಜಡೆ ಹೆಣೆಯುವ ರೀತಿ, ಸಾರಿಗೆ ನೀನು ಹಾಕುವ ಬೆಲ್ಲ, ಗೋಡೆಗೆ ಬರೆಯುವ ನಿನ್ನ ತವರಿನ ಹಸೆ ಚಿತ್ತಾರ ಎಲ್ಲವನ್ನೂ ನಾನು ಬದಲಾಯಿಸಿದ್ದು ನೆನಪಾಯಿತು. ಒಂದು ಸೌಟಿನ ತಾಳ್ಮೆಯೂ ನನ್ನಲ್ಲಿರಲಿಲ್ಲ.

ಕೊನೆಗೆ ಗಡಿಗೆ ಓರೆ ಮಾಡಿದರು. ಮೂರು ಮೀನು ಸರ್ರನೆ ಹೋದವು. ಫೋರ್‌ಮನ್ ಗಡಿಗೆಯ ಬಾಯಲ್ಲಿ ಒಂದು ಕ್ಷಣ ನಿಂತು, ಒಳಗೆ ಯಾರು ಯಾರು ಇದ್ದಾರೆ ಎಂದು ಹಾಜರಿ ತೆಗೆದುಕೊಂಡವನ ಹಾಗೆ ನೋಡಿ, ಆಮೇಲೆ ಒಳಗೆ ಹೋಯಿತು. ಖಾಜಾಬೀ ನಕ್ಕುಬಿಟ್ಟರು. ನಾನೂ ನಕ್ಕೆ. ಚಂದ್ರು ಹೋದ ಮೇಲೆ ನನ್ನ ನಗುವಿನ ಸದ್ದು ನನಗೇ ಕೇಳಿಸಿದ್ದು ಅದೇ ಮೊದಲು.

ಈಗ ಕಾರಣಕ್ಕೆ ಬರುತ್ತೇನೆ. ಆರಾಧನೆಯ ಬೆಳಗ್ಗೆ ಏಳು ಸತ್ತ ಮೀನನ್ನು ನೀನು ಮುತ್ತುಗದ ಎಲೆಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ಜನ್ನಾಪುರದ ಸುಭದ್ರಮ್ಮನೂ ಇದ್ದರು. ಅವರೆಲ್ಲರ ಮುಂದೆ ನಾನು ಒಂದು ಮಾತು ಆಡಿದೆ: "ಇವಳು ಕೈಯಿಟ್ಟದ್ದು ಯಾವುದೂ ಉಳಿಯೋದಿಲ್ಲ." ಮಗ ಹೋದ ಹನ್ನೊಂದನೆಯ ದಿನ ಆ ಮಾತಿಗೆ ಯಾರೂ ಮೀನು ಎಂಬ ಅರ್ಥ ಮಾಡಲಿಲ್ಲ. ನಾನೂ ಮಾಡಿರಲಿಲ್ಲ. ನೀನು ನಿಂತೆ. ತಿರುಗಿ ನೋಡಿದೆ. 'ತೊಳೆದವರು ನೀವು' ಎಂಬ ಎರಡು ಮಾತು ನಿನ್ನ ಬಾಯಲ್ಲಿತ್ತು, ಕೇಳಲು ಆ ಹೆಂಗಸರೆಲ್ಲ ಇದ್ದರು. ನೀನು ಆಡಲಿಲ್ಲ. ಹೋಗಿ ದಾಸವಾಳದ ಗಿಡದ ಬುಡದಲ್ಲಿ ಮೀನನ್ನು ಹೂತು, ಕೈ ತೊಳೆದುಕೊಂಡು ಬಂದು, ಎಲೆ ಹಾಕಲು ಶುರು ಮಾಡಿದೆ. ಮಗನನ್ನು ಕಳೆದುಕೊಂಡ ತಾಯಿಯನ್ನು ಜನರ ಮುಂದೆ ಸಣ್ಣವಳು ಮಾಡಬಾರದು ಎಂದು ಇಪ್ಪತ್ತೊಂದರ ಹುಡುಗಿಗೆ ತೋಚಿತ್ತು. ಗಂಡನನ್ನು ಕಳೆದುಕೊಂಡವಳ ಬಗ್ಗೆ ಐವತ್ತೆರಡರವಳಿಗೆ ಅದು ತೋಚಿರಲಿಲ್ಲ. ನನ್ನ ತಂದೆ ಊರಿನ ನ್ಯಾಯ ಹೇಳುತ್ತಿದ್ದರು, ದೊಡ್ಡಸ್ತಿಕೆ ಎಂದರೆ ಏನೆಂದು ಮನೆಯಲ್ಲೇ ಕಲಿತಿದ್ದೇನೆ ಎಂಬ ಗರ್ವ ನನಗಿತ್ತು. ಅದನ್ನು ಕಣ್ಣಾರೆ ಕಂಡದ್ದು ನಿನ್ನಲ್ಲಿ. ಕಂಡೂ, ಆರು ತಿಂಗಳಾದ ಮೇಲೆ ನಿನ್ನನ್ನು ತವರಿಗೆ ಕಳಿಸಿದೆ.

ಆ ಮಾತು ಸುಭದ್ರಮ್ಮನ ಜೊತೆ ಜನ್ನಾಪುರಕ್ಕೆ ಹೋಯಿತು. ಮಗನಿಗೆ ನಿನ್ನನ್ನು ತಂದುಕೊಳ್ಳುವ ಹೊತ್ತಿಗೆ ಅವರಿಗೆ ನೆನಪಾಯಿತು. ಯಾವ ತಾಯಿಗೆ ಆಗುವುದಿಲ್ಲ?

ನಿನ್ನೆ ಶನಿವಾರ ಬೆಳಗಿನ ಬಸ್ಸಿಗೆ ನಿನ್ನ ಮಾವನವರನ್ನು ಕರೆದುಕೊಂಡು ಜನ್ನಾಪುರಕ್ಕೆ ಹೋದೆ. ಸುಭದ್ರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಏನ್ ದಾಕ್ಷಾಯಣಮ್ಮ, ಶಿವಮೊಗ್ಗ ಸೇರಿದ್ಮೇಲೆ ನಮ್ಮ ದಾರಿ ಮರ್ತೋಯ್ತು ಅಂದ್ಕೊಂಡಿದ್ದೆ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಚಂದ್ರು ಆರಾಧನೆ ದಿನ ನಮ್ಮ ಪಡಸಾಲೇಲಿ ನಿಮ್ಮ ಜೊತೆ ಕೂತಿದ್ದೋರನ್ನ ಕರೀರಿ. ಎಲ್ರೂ ಇದೇ ಬೀದಿಯೋರೇ."

"ಈಗ್ಲಾ? ಏನಾಯ್ತು ಮಾರಾಯ್ತಿ?"

"ಕರೀರಿ."

ನಾಲ್ವರು ಬಂದರು. ಸುಭದ್ರಮ್ಮ ಸೇರಿ ಐವರು. ನಾನು ನಿಂತೇ ಹೇಳಿದೆ. ಮೀನು ಕೊಂದವಳು ನಾನು, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿದವಳು ನಾನು, ನಾಲ್ಕನ್ನು ಉಳಿಸಿದವಳು ರಾಜೇಶ್ವರಿ, ಅವಳು ಕೈಯಿಟ್ಟದ್ದೇ ನಮ್ಮ ಮನೆಯಲ್ಲಿ ಉಳಿದದ್ದು ಎಂದೆ.

"ಹೋಗ್ಲಿ ಬಿಡ್ರೀ, ಮೀನು ತಾನೆ. ಅಷ್ಟಕ್ಕೆ ಬಸ್ ಹತ್ಕೊಂಡು ಬಂದ್ರಾ?" ಎಂದರು ಸುಭದ್ರಮ್ಮ.

"ಮೀನಿಗಲ್ಲ ಬಂದಿದ್ದು. ನನ್ನದೊಂದು ಮಾತು ಎರಡೂವರೆ ವರ್ಷದಿಂದ ನಿಮ್ಮನೇಲಿದೆ. ಅದನ್ನ ವಾಪಸ್ ತಗೊಂಡು ಹೋಗೋಕೆ ಬಂದೆ."

ಸುಭದ್ರಮ್ಮ ಮೊರ ಕೆಳಗಿಟ್ಟರು. ಒಳಗಿನಿಂದ ಉಜ್ಜನಪ್ಪ ಹೊರಗೆ ಬಂದ. ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದನೇನೋ, ಕೈಯಲ್ಲಿ ಕೆಂಪು ಪೆನ್ಸಿಲ್ಲು.

"ನೀನು ಒಳಗೆ ಹೋಗೋ," ಎಂದರು ತಾಯಿ. ಅವನು ಹೋಗಲಿಲ್ಲ. "ಆ ನಾಲ್ಕು ಮೀನು ಎಲ್ಲಿವೆ ಅಮ್ಮಾ? ನೋಡ್ಬಹುದಾ?" ಎಂದು ನನ್ನನ್ನು ಕೇಳಿದ. ರಾಗಿಗುಡ್ಡದ ಗುರುತು ಹೇಳಿದೆ. ಹುಡುಗ ಒಳ್ಳೆಯವನ ಹಾಗೆ ಕಂಡ. ಆದರೆ ನನ್ನ ಕಣ್ಣನ್ನು ನಂಬಬೇಡ, ನೀನೇ ನೋಡಿ ತೀರ್ಮಾನ ಮಾಡು. ಒಪ್ಪುವುದು ಬಿಡುವುದು ನಿನ್ನದು, ಈ ಸಲ ಯಾರೂ ನಿನ್ನ ಪರವಾಗಿ ಮಾತಾಡುವುದು ಬೇಡ.

ಐವರ ಮುಂದೆ ಇನ್ನೂ ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ. ಹೇಳಿ ಮುಗಿಸಿದ ಮೇಲೆ ಸುಭದ್ರಮ್ಮ, "ಕಾಫಿ ಕುಡಿದು ಹೋಗಿ," ಎಂದರು. ಆಗ ಕೂತೆ. ಕುಡಿದೆ. ಶಂಕರಘಟ್ಟಕ್ಕೆ ಹೇಳಿ ಕಳಿಸುತ್ತೇನೆ ಎಂದು ಅವರಾಗಿಯೇ ಅಂದರು. ಏನೆಂದು ಹೇಳಿ ಕಳಿಸುತ್ತಾರೋ ನಾನು ಕೇಳಲಿಲ್ಲ.

ನಿನ್ನ ತಂದೆತಾಯಿಗೆ ನಮ್ಮಿಬ್ಬರ ಶರಣು ತಿಳಿಸು. ಮಳೆ ಹಿಡಿದಿದೆ, ನಿನಗೆ ನೆಗಡಿ ಬೇಗ ಬರುತ್ತದೆ, ತಲೆ ಒದ್ದೆ ಮಾಡಿಕೊಂಡು ಓಡಾಡಬೇಡ. ಸಾರಿಗೆ ಬೆಲ್ಲ ಹಾಕಿಕೊಂಡೇ ಉಣ್ಣು. ನಿನ್ನ ಆಯುಸ್ಸು ಆರೋಗ್ಯ ಹೆಚ್ಚಲಿ. ಮೇಲಿರುವ ಮಸಿಯ ಚುಕ್ಕೆಯ ಜಾಗದಲ್ಲಿ, ನಿನಗೆ ಇಷ್ಟವಿದ್ದರೆ, ನಿಲ್ಲಿಸಿದ ಆ ಅಕ್ಷರವನ್ನು ಮತ್ತೆ ಬರೆಯುವ ದಿನ ನನಗೆ ಬರಲಿ.

ನಿನ್ನ ಅತ್ತೆ,
ದಾಕ್ಷಾಯಣಮ್ಮ

ತಾ.ಕ. — ಖಾಜಾಬೀ ಕೇಳಿದ ಮೇಲೆ ನನಗೆ ತಿಳಿಯಿತು ಎಂಬ ಹಾಗೆ ಮೇಲೆ ಬರೆದಿದ್ದೇನೆ. ಹರಿದು ಮತ್ತೆ ಬರೆಯುವುದಿಲ್ಲ. ಆದರೆ ಅದು ಪೂರ್ತಿ ನಿಜವಲ್ಲ.

ಆಸ್ಪತ್ರೆಯಲ್ಲಿ ಚಂದ್ರುವಿಗೆ ಜ್ವರ ಒಂದು ದಿನ ಇಳಿದಿತ್ತಲ್ಲ, ಆ ಮಧ್ಯಾಹ್ನ ನಾನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅವನು ಚಮಚದಿಂದ ಮುಖ ಪಕ್ಕಕ್ಕೆ ತಿರುಗಿಸಿ ನಿನಗೆ ಹೇಳಿದ: "ರಾಜೀ, ನಾನು ಬರೋದು ತಡ ಆದ್ರೆ ತೊಟ್ಟಿ ಪೂರ್ತಿ ಖಾಲಿ ಮಾಡ್ಬೇಡ. ಹಳೇ ನೀರು ಅರ್ಧ ಇರ್ಲಿ. ಅಮ್ಮನ್ನ ಮಾತ್ರ ಹತ್ರ ಬಿಡ್ಬೇಡ, ತಿಕ್ಕಿ ತೊಳೆದುಬಿಡ್ತಾಳೆ." ಹೇಳಿ ನಕ್ಕ. ನೀನೂ ನಕ್ಕೆ. ಚಮಚ ಹಿಡಿದುಕೊಂಡು ನಾನು ಅಲ್ಲೇ ಇದ್ದೆ. ಅದಾದ ಮೇಲೆ ಅವನು ಅರ್ಥವಾಗುವ ಮಾತು ಆಡಲಿಲ್ಲ. ನನ್ನ ಮಗನ ಕೊನೆಯ ಮಾತು ನಿನಗೆ ಹೇಳಿದ್ದು, ನನ್ನ ಪಾಲಿಗೆ ಬಂದದ್ದು ಆ ನಗು. ಹಳೆಯ ನೀರು ಚೆಲ್ಲಬಾರದು ಎಂದು ನನಗೆ ಆವತ್ತೇ ಗೊತ್ತಿತ್ತು, ರಾಜೇಶ್ವರಿ. ಜಂಗಮರು ಬರುತ್ತಾರೆ ಎಂಬುದು ನೆಪ. ಅವನು ಅದನ್ನು ನಿನಗೆ ಹೇಳಿದ ಎಂಬುದಕ್ಕೇ ಚೆಲ್ಲಿದೆ.

ನಿನ್ನೆ ಜನ್ನಾಪುರದಲ್ಲಿ ಆ ಐವರು ಹೆಂಗಸರ ಮುಂದೆ, ಉಜ್ಜನಪ್ಪನ ಮುಂದೆ, ಜಗಲಿಯಲ್ಲಿ ಕೂತಿದ್ದ ನಿನ್ನ ಮಾವನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ನಾನು ಹೇಳಿದ ಇನ್ನೊಂದು ಮಾತು ಇದೇ.